ಮೊದಲ ಸಾಲಿನಿಂದ ಅಂಕಿತದವರೆಗೆ

ಶರಣರ ವಚನಗಳಿಗೆ ಶೀರ್ಷಿಕೆಗಳಿಲ್ಲ. ಕಾವ್ಯಕ್ಕೆ ಹೆಸರಿದೆ, ಪುರಾಣಕ್ಕೆ ಹೆಸರಿದೆ. ವಚನಕ್ಕೆ ಮಾತ್ರ ಅದರ ಮೊದಲ ಸಾಲೇ ಹೆಸರು. 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಸಮಗ್ರ ವಚನ ಸಂಪುಟದ 15 ಸಂಪುಟಗಳಲ್ಲಿ ಬೇಕಾದ ವಚನವನ್ನು ಹುಡುಕಬೇಕಾದರೂ ಅದರ ಆರಂಭವು ನೆನಪಿನಲ್ಲಿರಲೇಬೇಕು. ಅಕಾರಾದಿಯ ಬಾಗಿಲು ತೆರೆಯುವುದು ಆ ಒಂದು ಸಾಲಿಗೆ ಮಾತ್ರ. ಭಜನೆಯಲ್ಲಿ ಕುಳಿತ ಹಿರಿಯರು ಕಿರಿಯರಿಗೆ ವಚನವೊಂದನ್ನು ಹೇಳೆಂದು ಸೂಚಿಸುವುದೂ ಹೀಗೆಯೇ: ಮೊದಲ ಎರಡು ಪದಗಳನ್ನು ಉಚ್ಚರಿಸಿ ಬಿಟ್ಟರೆ ಸಾಕು, ಉಳಿದುದು ತಾನಾಗಿಯೇ ಹರಿದು ಬರುತ್ತದೆ. ಹೀಗಿರುವಾಗ ಮೊದಲ ಸಾಲಿಗೆ ಭಕ್ತರ ಮನಸ್ಸಿನಲ್ಲಿ ಇಷ್ಟು ಪ್ರೀತಿಯ ಸ್ಥಾನ ದೊರೆತುದು ಆಶ್ಚರ್ಯವಲ್ಲ. ಆ ಪ್ರೀತಿಯ ಕಾರಣವೇನು, ಅದು ಎಲ್ಲಿಗೆ ಮುಟ್ಟಬೇಕು, ಎಲ್ಲಿ ನಿಂತುಬಿಡುತ್ತಿದೆ ಎಂಬುದು ಇಂದು ವಿಚಾರ ಮಾಡಬೇಕಾದ ಸಂಗತಿಯಾಗಿದೆ.

ವಚನದ ಆರಂಭದ ವಿಶೇಷವನ್ನು ತಿಳಿಯಲು ಅದಕ್ಕಿಂತ ಹಿಂದಿನ ಕಾವ್ಯಗಳ ಆರಂಭವನ್ನು ನೋಡಬೇಕು. ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಮಹಾಕಾವ್ಯದ ಮೊದಲು ಹೇಗಿರಬೇಕೆಂಬುದಕ್ಕೆ ಮೂರು ದಾರಿಗಳನ್ನು ಹೇಳಿದ್ದಾನೆ: ಆಶೀರ್ವಾದ, ನಮಸ್ಕಾರ, ಇಲ್ಲವೇ ವಸ್ತುವಿನ ನಿರ್ದೇಶ. 9ನೆಯ ಶತಮಾನದ ಕವಿರಾಜಮಾರ್ಗವು ಬಹುಮಟ್ಟಿಗೆ ಈ ಗ್ರಂಥವನ್ನೇ ಆಧರಿಸಿದುದು. ನಮ್ಮ ಚಂಪೂ ಕವಿಗಳು ಮೊದಲ ಎರಡು ದಾರಿಗಳನ್ನೇ ಹೆಚ್ಚಾಗಿ ಹಿಡಿದರು. ದೇವತಾಸ್ತುತಿ, ಗುರುಸ್ತುತಿ, ಪೂರ್ವಕವಿಗಳ ಸ್ಮರಣೆ, ಆಶ್ರಯದಾತನಾದ ಅರಸನ ಹೊಗಳಿಕೆ, ಇವೆಲ್ಲ ಮುಗಿದ ಬಳಿಕವೇ ಕಥೆ ಹೊರಡುತ್ತಿತ್ತು. ಈ ಪದ್ಧತಿಯ ನೆರಳು ಜನಪದ ರಂಗಭೂಮಿಯಲ್ಲಿಯೂ ಉಳಿದಿದೆ. ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ಬಯಲಾಟವು ಗಣಪತಿಯ ಸ್ತುತಿಯಿಲ್ಲದೆ ತೊಡಗುವುದಿಲ್ಲ. ಸಾರಥಿಯು ಬಂದು ಮಾತನಾಡಿಸದೆ ಅರಸನ ಪಾತ್ರವು ತನ್ನ ಪರಿಚಯವನ್ನು ಹೇಳುವುದಿಲ್ಲ.

12ನೆಯ ಶತಮಾನದ ಶರಣರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಅವರ ವಚನಗಳು ಬಹುಪಾಲು ದಂಡಿ ಹೇಳಿದ ಮೂರನೆಯ ದಾರಿಯನ್ನು, ಅಂದರೆ ನೇರವಾಗಿ ವಸ್ತುವಿಗೇ ಕೈಹಾಕುವ ದಾರಿಯನ್ನು ಹಿಡಿದಿವೆ. ಹಾಗೆಂದು ದೇವರನ್ನು ಅವರು ಮರೆತರೆಂದಲ್ಲ. ದೇವರ ಹೆಸರನ್ನು ಮೊದಲಿನಿಂದ ಎತ್ತಿ ಕೊನೆಯಲ್ಲಿರಿಸಿದರು. ಅದೇ ಅಂಕಿತ. ಕಾವ್ಯವು ದೇವರಿಂದ ಹೊರಟು ಲೋಕಕ್ಕೆ ಬರುತ್ತದೆ. ವಚನವು ಲೋಕದಿಂದ ಹೊರಟು ದೇವರನ್ನು ಮುಟ್ಟುತ್ತದೆ. ಮೊದಲ ಸಾಲಿನಲ್ಲಿ ಮನೆ, ಹೊಲ, ಸಂತೆ, ಮರ, ಹಾವು, ನಾಯಿ, ಬಡವ, ಬಲ್ಲಿದ ಕಾಣಿಸಿಕೊಂಡರೆ ಕೊನೆಯಲ್ಲಿ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಕಾಣಿಸಿಕೊಳ್ಳುತ್ತಾರೆ. ಈ ಎರಡು ತುದಿಗಳ ನಡುವಿನ ನಡಿಗೆಯೇ ವಚನ. ಈ ಒಂದು ಸಂಗತಿಯನ್ನು ಅರಿತರೆ ಮೊದಲ ಸಾಲು ಏಕೆ ಮನಸ್ಸನ್ನು ಹಿಡಿಯುತ್ತದೆ ಎಂಬುದೂ, ಅದೊಂದೇ ಏಕೆ ಸಾಲದು ಎಂಬುದೂ ಒಟ್ಟಿಗೇ ತಿಳಿಯುತ್ತದೆ.

ಮೊದಲ ಸಾಲು ಮನಸ್ಸನ್ನು ಹಿಡಿಯುವುದಕ್ಕೆ ಮೊದಲನೆಯ ಕಾರಣ, ಅದರಲ್ಲಿ ಕೇಳುಗನು ಕಂಡರಿಯದ ವಸ್ತು ಇರುವುದಿಲ್ಲ. ಅಕ್ಕಮಹಾದೇವಿಯವರ ಒಂದು ಪ್ರಸಿದ್ಧ ವಚನವನ್ನು ನೆನೆಯಬಹುದು. ಬೆಟ್ಟದ ಮೇಲೆ ಮನೆ ಕಟ್ಟಿದವರು ಮೃಗಗಳಿಗೆ ಅಂಜಿದರೆ ಹೇಗೆ ಎಂಬ ಪ್ರಶ್ನೆಯಿಂದ ಅದು ಆರಂಭವಾಗುತ್ತದೆ. ಮುಂದೆ ಕಡಲ ತೀರದ ಮನೆ ಮತ್ತು ತೆರೆಯ ಭಯ, ಸಂತೆಯೊಳಗಿನ ಮನೆ ಮತ್ತು ಸದ್ದಿನ ನಾಚಿಕೆ ಬರುತ್ತವೆ. ಈ ಸೀಮೆಯ ಜನಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ ಇಂದಿಗೂ ಕರಡಿಗಳಿವೆ. ಅವುಗಳಿಗಾಗಿಯೇ ಅಲ್ಲೊಂದು ಕರಡಿಧಾಮವಿದೆ. ಗುಡ್ಡದ ಸೆರಗಿನಲ್ಲಿ ಹೊಲ ಮಾಡುವವರು ಕರಡಿಗೆ ಅಂಜುತ್ತಲೇ ಬಾಳುತ್ತಾರೆ, ಆದರೆ ಹೊಲ ಬಿಟ್ಟು ಹೋಗುವುದಿಲ್ಲ. ಕಡಲನ್ನು ಕಾಣದವರೂ ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು ಗಾಳಿಗೆ ತೆರೆಯೇಳುವುದನ್ನು ಕಂಡಿದ್ದಾರೆ. ಕೊಟ್ಟೂರಿನ ಪೇಟೆಯಲ್ಲಿ ಮನೆಯಿದ್ದವರಿಗೆ ಸಂತೆಯ ಸದ್ದು ಹೊಸದಲ್ಲ. ಎಂಟು ಶತಮಾನಗಳ ಹಿಂದಿನ ಮಾತು ತನ್ನ ಮನೆಯ ಅಂಗಳದಿಂದಲೇ ಹೊರಟಂತೆ ಕೇಳುಗನಿಗೆ ತೋರುವುದು ಈ ಕಾರಣದಿಂದ.

ಎರಡನೆಯ ಕಾರಣ, ಆ ಸಾಲುಗಳ ಕಟ್ಟೋಣ. ವಚನದ ಆರಂಭವು ಸಾಮಾನ್ಯವಾಗಿ ಜೋಡಿಯಾಗಿ ನಡೆಯುತ್ತದೆ. ಒಂದು ಮಾತು ಬಂದೊಡನೆ ಅದೇ ಅಳತೆಯ ಇನ್ನೊಂದು ಮಾತು ಬರುತ್ತದೆ; ಎರಡು ಬಂದ ಮೇಲೆ ಮೂರನೆಯದನ್ನು ಕಿವಿ ತಾನೇ ನಿರೀಕ್ಷಿಸುತ್ತದೆ. ಬರಹ ಬಾರದವರ ನೆನಪಿನಲ್ಲಿಯೂ ವಚನಗಳು ಉಳಿಯಲು ಈ ಜೋಡಿ ನಡಿಗೆ ನೆರವಾಯಿತು. ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ತಾಳೆಗರಿಗಳಲ್ಲಿ ವಚನಗಳನ್ನು ಇಂದಿನಂತೆ ಸಾಲು ಮುರಿದು ಬರೆದಿರಲಿಲ್ಲ. ಗರಿಯ ಉದ್ದಕ್ಕೂ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ಸಾಲುಗಳಾಗಿ ಒಡೆದು ಅಚ್ಚಿಸಿದವರು ಆಧುನಿಕ ಕಾಲದ ಸಂಪಾದಕರು. 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಅಚ್ಚಾದಂದಿನಿಂದ ಹಲವು ವಿದ್ವಾಂಸರು ಈ ಕೆಲಸದಲ್ಲಿ ಬೆವರು ಸುರಿಸಿದ್ದಾರೆ. ಹಾಗಾದರೆ ಮೊದಲ ಸಾಲು ಎಂಬುದನ್ನು ಗೊತ್ತುಪಡಿಸಿದವರು ಯಾರು? ಕೇವಲ ಸಂಪಾದಕರಲ್ಲ. ಮಾತು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆಯೋ ಅಲ್ಲಿ ಸಾಲು ಮುಗಿಯಿತೆಂದು ಕಿವಿಯೇ ಹೇಳುತ್ತಿತ್ತು. ಸಂಪಾದಕರು ಆ ಕಿವಿಯನ್ನು ನಂಬಿದರು.

ಮೂರನೆಯ ಕಾರಣ ಗಾಯನ. ವಚನವನ್ನು ರಾಗಕ್ಕೆ ಅಳವಡಿಸಿ ಹಾಡುವಾಗ ಮೊದಲ ಸಾಲು ಪಲ್ಲವಿಯಾಗುತ್ತದೆ. ಪಂಡಿತ ಮಲ್ಲಿಕಾರ್ಜುನ ಮನ್ಸೂರರಂಥ ಮಹಾಗಾಯಕರು ವಚನಗಳನ್ನು ಸಂಗೀತ ಸಭೆಗಳಿಗೆ ಕೊಂಡೊಯ್ದು ನಾಡಿನಾಚೆಗೂ ಕೇಳಿಸಿದರು. ಗಾಯನದಲ್ಲಿ ಪ್ರತಿ ಚರಣ ಮುಗಿದಾಗಲೂ ಪಲ್ಲವಿಗೆ ಮರಳಬೇಕು. ಹೀಗಾಗಿ ಇಡೀ ವಚನವನ್ನು ಕೇಳಿ ಎದ್ದವನ ಕಿವಿಯಲ್ಲಿ ಕೊನೆಗೆ ಗುಂಯ್‌ಗುಡುವುದು ಆರಂಭದ ಮಾತೇ. ಹಾಡಿನ ಧರ್ಮ ಅದು, ಅದರಲ್ಲಿ ದೋಷವಿಲ್ಲ. ಆದರೆ ವಚನದ ನಡಿಗೆ ಮುಂದಕ್ಕೆ, ಪಲ್ಲವಿಯ ನಡಿಗೆ ಹಿಂದಕ್ಕೆ ಎಂಬ ಭೇದವನ್ನು ಕೇಳುಗನು ಮನಸ್ಸಿನಲ್ಲಿರಿಸಿಕೊಂಡಿರಬೇಕು.

ಇಷ್ಟು ಹೇಳಿದ ಬಳಿಕ ವಿಚಾರದ ಇನ್ನೊಂದು ಮಗ್ಗುಲಿಗೆ ಬರಬೇಕು. ಇಂದು ವಚನಗಳ ಮೊದಲ ಸಾಲುಗಳು ಎಲ್ಲೆಡೆಯೂ ಇವೆ: ಶಾಲೆಯ ಗೋಡೆಯ ಮೇಲೆ, ಕಲ್ಯಾಣಮಂಟಪದ ಕಮಾನಿನ ಮೇಲೆ, ಮದುವೆಯ ಕರೆಯೋಲೆಯ ನೆತ್ತಿಯ ಮೇಲೆ, ಮೊಬೈಲಿಗೆ ಬರುವ ಮುಂಜಾನೆಯ ಶುಭಾಶಯದಲ್ಲಿ. ವಚನಗಳು ಇಷ್ಟು ಹರಡಿರುವುದು ಸಂತೋಷವೇ. ಆದರೆ ಹರಡಿರುವುದು ವಚನವೋ, ವಚನದ ತುಣುಕೋ ಎಂದು ಕೇಳಿಕೊಳ್ಳಬೇಕು. ಎಷ್ಟೋ ಕಡೆ ಅಂಕಿತವು ಗೋಡೆಯ ಮೇಲೆ ಬರುವುದೇ ಇಲ್ಲ. ಹೊರಟ ಊರಿನ ಹೆಸರು ಫಲಕದಲ್ಲಿದೆ, ಸೇರಬೇಕಾದ ಊರಿನ ಹೆಸರು ಅಳಿಸಿಹೋಗಿದೆ ಎಂಬಂತಾಗಿದೆ.

ಇದರಿಂದ ಆಗುವ ಹಾನಿಯನ್ನು ಕೆಲವು ನಿದರ್ಶನಗಳಿಂದ ಕಾಣಬಹುದು. ಕಳವು, ಕೊಲೆ, ಸುಳ್ಳುಗಳನ್ನು ನಿಷೇಧಿಸುತ್ತಾ ಆರಂಭವಾಗುವ ಬಸವಣ್ಣನವರ ವಚನವು ನಾಡಿನ ಮಕ್ಕಳಿಗೆಲ್ಲ ಬಾಯಿಪಾಠ. ಅದರ ಆರಂಭವನ್ನಷ್ಟೇ ನೋಡಿದರೆ ಯಾವ ಮತದ ಯಾವ ಹಿರಿಯರೂ ಹೇಳಬಹುದಾದ ನೀತಿಯಂತೆ ಅದು ತೋರುತ್ತದೆ. ಆದರೆ ಬಸವಣ್ಣನವರು ಅಲ್ಲಿಗೆ ನಿಲ್ಲಿಸಲಿಲ್ಲ. ಅಂತರಂಗದ ಶುದ್ಧಿಯೂ ಬಹಿರಂಗದ ಶುದ್ಧಿಯೂ ಈ ನಡತೆಯೇ ಎಂದರು. ದೇವರನ್ನು ಒಲಿಸುವ ಬಗೆಯೂ ಇದೇ ಎಂದು ಮುಗಿಸಿದರು. ಮಡಿ, ಮೈಲಿಗೆ, ಸ್ನಾನ, ಹೋಮಗಳಲ್ಲಿ ಶುದ್ಧಿಯನ್ನು ಅರಸುತ್ತಿದ್ದ ಸಮಾಜಕ್ಕೆ ಕೊಟ್ಟ ಉತ್ತರ ಇರುವುದು ಈ ಕೊನೆಯಲ್ಲಿ. ಆರಂಭವು ನೀತಿ, ಕೊನೆಯು ಕ್ರಾಂತಿ. ಮೊದಲ ಸಾಲನ್ನು ಗೋಡೆಗೆ ಬರೆಸಿ, ಅದೇ ಗೋಡೆಯ ಹಿಂದೆ ಪಂಕ್ತಿಭೇದ ಮಾಡುವುದು ಸಾಧ್ಯವಾಗುವುದು ಕೊನೆಯ ಸಾಲನ್ನು ಓದದಿದ್ದಾಗ ಮಾತ್ರ.

ಉಳ್ಳವರು ಶಿವಾಲಯ ಕಟ್ಟುವುದನ್ನೂ ತಮ್ಮ ಬಡತನವನ್ನೂ ಎದುರುಬದುರು ನಿಲ್ಲಿಸುವ ಬಸವಣ್ಣನವರ ವಚನದ ವಿಷಯವೂ ಹಾಗೆಯೇ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ಅನುವಾದದ ಪೀಠಿಕೆಯಲ್ಲಿ ಈ ವಚನವನ್ನೇ ಮೊದಲಿಗೆ ತೆಗೆದುಕೊಂಡು ಅದರ ಒಂದೊಂದು ಅಂಗವನ್ನೂ ಬಿಡಿಸಿ ತೋರಿಸಿದರು. ಆರಂಭವನ್ನಷ್ಟೇ ಕೇಳಿದವರಿಗೆ ಇದು ಬಡವನ ದೈನ್ಯದ ನುಡಿಯೆನಿಸುತ್ತದೆ. ಮುಂದೆ ದೇಹವೇ ದೇಗುಲವಾಗುತ್ತದೆ. ಕಾಲು ಕಂಬವಾಗುತ್ತದೆ, ಶಿರವು ಕಳಸವಾಗುತ್ತದೆ. ಅಂಕಿತ ಬಂದ ಮೇಲೆ ಸ್ಥಾವರವು ಅಳಿಯುವಂಥದೆಂದೂ ಜಂಗಮವು ಅಳಿಯದೆಂದೂ ತೀರ್ಮಾನವಾಗುತ್ತದೆ. ದೈನ್ಯದಿಂದ ಹೊರಟ ಮಾತು ಧೈರ್ಯದಲ್ಲಿ ನಿಲ್ಲುತ್ತದೆ. ಬಡವನನ್ನು ಬಡವನೆಂದು ಕನಿಕರಿಸುವುದಕ್ಕೂ, ಅವನ ದೇಹವನ್ನೇ ದೇಗುಲವೆಂದು ಗೌರವಿಸುವುದಕ್ಕೂ ಎಷ್ಟು ಅಂತರವಿದೆ! ಆ ಅಂತರವು ಮೊದಲ ಸಾಲಿಗೂ ಕೊನೆಯ ಸಾಲಿಗೂ ಇರುವ ಅಂತರವೇ ಆಗಿದೆ.

ಮಾಮರಕ್ಕೂ ಕೋಗಿಲೆಗೂ ಎಲ್ಲಿಯ ನಂಟು ಎಂದು ಬೆರಗಾಗುವ ಅಲ್ಲಮಪ್ರಭುದೇವರ ವಚನವು ಈಗ ಮದುವೆಯ ಕರೆಯೋಲೆಗಳಲ್ಲಿಯೂ ಕಾಣಿಸಿಕೊಳ್ಳುವುದುಂಟು. ಎಲ್ಲಿಯೋ ಹುಟ್ಟಿದ ಇಬ್ಬರು ಒಂದಾಗುವ ಶುಭಕಾರ್ಯಕ್ಕೆ ಅದು ಒಪ್ಪುವುದಿಲ್ಲವೆಂದು ಹೇಳಲಾಗದು. ಆದರೆ ಪ್ರಭುದೇವರ ಬೆರಗು ಗುಹೇಶ್ವರಲಿಂಗಕ್ಕೂ ತಮಗೂ ಇರುವ ಸಂಬಂಧವನ್ನು ಕುರಿತದ್ದು. ಗಂಡು ಹೆಣ್ಣಿನ ನಂಟನ್ನು ಆ ದೊಡ್ಡ ನಂಟಿನ ಬೆಳಕಿನಲ್ಲಿ ಕಾಣುವುದಾದರೆ ಕರೆಯೋಲೆಗೂ ಒಂದು ಘನತೆ ಬರುತ್ತದೆ. ಅಂಕಿತವನ್ನು ಕತ್ತರಿಸಿದರೆ ಉಳಿಯುವುದು ಅಂದವಾದ ಅಲಂಕಾರ ಮಾತ್ರ.

ಎಲ್ಲಕ್ಕಿಂತ ಕಳವಳ ಹುಟ್ಟಿಸುವ ನಿದರ್ಶನ ಆಯ್ದಕ್ಕಿ ಮಾರಯ್ಯನವರದು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸುವ ಮಾತನ್ನು ಅರಿಯದ ಕನ್ನಡಿಗರಿಲ್ಲ. ಅದನ್ನು ಬಸವಣ್ಣನವರ ಮಾತೆಂದೇ ಬಹುಮಂದಿ ತಿಳಿದಿದ್ದಾರೆ. ಆ ಮಾತು ಇರುವುದು ಮಾರಯ್ಯನವರ ವಚನದಲ್ಲಿ. ಅಲ್ಲಿಯೂ ಅದು ಆರಂಭವಲ್ಲ, ಮೇಲೆ ಹೇಳಿದುದಕ್ಕೆ ಕಾರಣವಾಗಿ ನಡುವೆ ಬರುವ ನುಡಿ. ಆ ವಚನದ ಆರಂಭ ಇದಕ್ಕಿಂತ ಬಹಳ ಕಠಿಣವಾದುದು. ಕಾಯಕದಲ್ಲಿ ತೊಡಗಿರುವವನು ಗುರುದರ್ಶನವನ್ನಾದರೂ ಮರೆಯಬೇಕು, ಲಿಂಗಪೂಜೆಯನ್ನಾದರೂ ಮರೆಯಬೇಕು, ಜಂಗಮನು ಎದುರಿಗೆ ನಿಂತಿದ್ದರೂ ಅವನ ಹಂಗನ್ನು ಹರಿದುಕೊಳ್ಳಬೇಕು ಎಂದು ಮಾರಯ್ಯನವರು ತೊಡಗುತ್ತಾರೆ. ಅಮರೇಶ್ವರಲಿಂಗವೇ ಆದರೂ ಕಾಯಕದೊಳಗೇ ಎಂಬಲ್ಲಿಗೆ ಮುಗಿಸುತ್ತಾರೆ. ಗುರು, ಲಿಂಗ, ಜಂಗಮಗಳನ್ನು ಪ್ರಾಣವೆಂದು ನಂಬಿದ ಶರಣರೊಬ್ಬರು ಹೀಗೆ ನುಡಿದರೆಂದರೆ ಆ ನುಡಿಯ ಭಾರವೆಷ್ಟು! ಮಠಗಳ ಹೊಸ್ತಿಲಲ್ಲಿ ನಿಂತ ಭಕ್ತರೂ, ಮಠಗಳನ್ನು ನಡೆಸುವವರೂ ಈ ಆರಂಭವನ್ನು ಕೇಳಿಸಿಕೊಳ್ಳಬೇಕಾಗಿದೆ. ಬಿತ್ತನೆಯ ಹದ ತಪ್ಪಿಸಿಕೊಂಡು ದರ್ಶನಕ್ಕೆ ಬಂದ ರೈತನನ್ನು ಹೊಲಕ್ಕೆ ಮರಳಿ ಕಳುಹಿಸುವ ಧೈರ್ಯ ಈ ಮೊದಲ ಸಾಲಿನಲ್ಲಿದೆ. ನಡುವಿನ ಎರಡು ಪದಗಳನ್ನು ಕಿತ್ತು ಫಲಕಕ್ಕೆ ಬರೆದಾಗ ಆ ಧೈರ್ಯ ಕಾಣೆಯಾಗುತ್ತದೆ.

ಅದರೊಂದಿಗೆ ಮಾರಯ್ಯನವರೂ ಕಾಣೆಯಾಗುತ್ತಾರೆ. ಅಂಕಿತವು ದೇವರ ಹೆಸರಷ್ಟೇ ಅಲ್ಲ, ವಚನಕಾರರ ಗುರುತು ಕೂಡ. ಹೆಸರು ತಿಳಿಯದೆ ಅಂಕಿತವೊಂದೇ ಉಳಿದ ಶರಣರೂ ನಮ್ಮ ಸಂಪುಟಗಳಲ್ಲಿದ್ದಾರೆ. ಅಂಕಿತವನ್ನು ಬಿಟ್ಟರೆ ಸಣ್ಣವರ ಮಾತು ದೊಡ್ಡವರ ಲೆಕ್ಕಕ್ಕೆ ಸೇರಿಹೋಗುತ್ತದೆ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವರ ನುಡಿಯು ಬಿಜ್ಜಳನ ಭಂಡಾರಿಯಾಗಿದ್ದವರ ಹೆಸರಿನಲ್ಲಿ ತಿರುಗಾಡುತ್ತದೆ. ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಪತಿಗೆ ಹೇಳಿದ ಲಕ್ಕಮ್ಮನವರ ಮನೆಯ ಮಾತು ಅದು. ತಮ್ಮದಲ್ಲದ ಕೀರ್ತಿಯನ್ನು ಹೊರಿಸಿಕೊಳ್ಳುವುದು ಬಸವಣ್ಣನವರಿಗೂ ಪ್ರಿಯವಾಗುತ್ತಿರಲಿಲ್ಲ. ತಮಗಿಂತ ಕಿರಿಯರಿಲ್ಲವೆಂದು ನಂಬಿ ನಡೆದವರು ಅವರು.

ಒಂದೇ ಸಾಲು ಸಾಕೆಂಬ ವಾದವೂ ಉಂಟು. ಈ ಸೀಮೆಯಲ್ಲಿ ಅದಕ್ಕೆ ದೊಡ್ಡ ಸಾಕ್ಷಿಯೂ ಇದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಬರುವುದು ಒಂದೇ ಸಾಲು. ಅದನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ಹೊಂದಿಸಿ ವರ್ಷವಿಡೀ ಅರ್ಥ ಹೇಳುತ್ತಾರೆ. ಒಂದು ಸಾಲಿಗೆ ಇಷ್ಟು ಶಕ್ತಿಯಿದೆಯೆಂಬುದು ನಿಜ. ಆದರೆ ಕಾರಣಿಕದ ಧರ್ಮವೇ ಬೇರೆ, ವಚನದ ಧರ್ಮವೇ ಬೇರೆ. ಕಾರಣಿಕವು ನುಡಿದು ಮುಗಿಯುತ್ತದೆ, ಅರ್ಥವನ್ನು ಕೇಳುಗರಿಗೆ ಬಿಟ್ಟುಕೊಡುತ್ತದೆ. ವಚನವು ತಾನೇ ಅರ್ಥದವರೆಗೆ ಕೈಹಿಡಿದು ನಡೆಸುತ್ತದೆ. ವಚನದ ಮೊದಲ ಸಾಲನ್ನು ಕಾರಣಿಕದಂತೆ ಬಿಡಿಯಾಗಿ ಹಿಡಿದರೆ ಯಾರು ಬೇಕಾದರೂ ತಮಗೆ ಬೇಕಾದ ಅರ್ಥವನ್ನು ಅದಕ್ಕೆ ಹೊರಿಸಬಹುದು. ಹಾಗೆ ಹೊರಿಸಿದ ಅರ್ಥಗಳಿಂದ ನಾಡಿನಲ್ಲಿ ಎಷ್ಟು ಜಗಳಗಳಾಗಿವೆ ಎಂಬುದನ್ನು ಬಲ್ಲವರು ಬಲ್ಲರು.

ಈ ವಿಷಯದಲ್ಲಿ ಹಿಂದಿನವರು ತೋರಿದ ಎಚ್ಚರ ದೊಡ್ಡದು. ವಿಜಯನಗರದ ಕಾಲದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯನ್ನು ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲುಗೊಂಡು ಅದರ ಸಂಪಾದಕರು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದದ ಎಳೆಯಲ್ಲಿ ಪೋಣಿಸಿದರು. ಅಲ್ಲಿ ಒಬ್ಬ ಶರಣರ ಮೊದಲ ಸಾಲು ಇನ್ನೊಬ್ಬ ಶರಣರ ಕೊನೆಯ ಸಾಲಿಗೆ ಉತ್ತರವಾಗಿ ನಿಲ್ಲುತ್ತದೆ. ಕೊನೆಯವರೆಗೆ ಕೇಳಿಸಿಕೊಳ್ಳದೆ ಅಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಇತ್ತೀಚಿನ ಕಾಲಕ್ಕೆ ಬಂದರೆ, ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ ಹೆಸರನ್ನು ತಮ್ಮ ಮನೆತನದ ಹೆಸರಾಗಿ ಹೊತ್ತ ರೆವರೆಂಡ್ ಚನ್ನಪ್ಪ ಉತ್ತಂಗಿಯವರನ್ನು ಸ್ಮರಿಸಬೇಕು. ಕ್ರೈಸ್ತ ಬೋಧಕರಾಗಿದ್ದ ಅವರು ಜನರ ಬಾಯಲ್ಲಿ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಅನುಭವಮಂಟಪವನ್ನು ಕುರಿತೂ ಬರೆದರು. ಅನ್ಯಮತದವರಾದ ವಿದ್ವಾಂಸರೊಬ್ಬರು ಚದುರಿದ ನುಡಿಗಳನ್ನು ಇಡಿಯಾಗಿಸಲು ಅಷ್ಟು ಶ್ರಮಪಟ್ಟಿರುವಾಗ, ಇಡಿಯಾಗಿ ಕೈಸೇರಿದ ವಚನಗಳನ್ನು ಭಕ್ತರೇ ಚೂರುಮಾಡುವುದು ತರವಲ್ಲ.

ಪರಿಹಾರ ಕಷ್ಟದ್ದೇನೂ ಅಲ್ಲ. ಬಹುಪಾಲು ವಚನಗಳು ಪುಟ್ಟವು. ಒಂದು ಗೋಡೆಗೆ ಇಡಿಯಾಗಿ ಹಿಡಿಸುವಂಥವು. ಬರೆಸುವವರು ಮೊದಲ ಸಾಲಿನಿಂದ ಅಂಕಿತದವರೆಗೆ ಬರೆಸಲಿ, ಕೆಳಗೆ ಶರಣರ ಹೆಸರನ್ನೂ ಕಾಣಿಸಲಿ. ಮಕ್ಕಳ ವಚನ ಕಂಠಪಾಠ ಸ್ಪರ್ಧೆಗಳಲ್ಲಿ ಆರಂಭ ಕೊಟ್ಟು ಮುಂದುವರಿಸೆಂದು ಕೇಳುವುದು ರೂಢಿ. ಕೊನೆಯನ್ನು ಕೊಟ್ಟು ಇದು ಎಲ್ಲಿಂದ ಹೊರಟಿತೆಂದು ಕೇಳುವ ಪದ್ಧತಿಯೂ ಬರಲಿ. ಹಾಡುವವರು ಪಲ್ಲವಿಗೆ ಎಷ್ಟು ಸಲ ಮರಳಿದರೂ ಕೊನೆಗೊಮ್ಮೆ ಅಂಕಿತದಲ್ಲಿ ನಿಲ್ಲಲಿ. ಮಾಘದಲ್ಲಿ ದಾವಣಗೆರೆಯಿಂದ ಕೊಟ್ಟೂರಿಗೆ ತೇರಿಗಾಗಿ ಕಾಲ್ನಡಿಗೆಯಲ್ಲಿ ಬರುವ ಭಕ್ತರು ಹೊರಟ ಊರನ್ನೇ ಹೊಗಳುತ್ತ ದಾರಿಯಲ್ಲಿ ಕುಳಿತುಬಿಡುವುದಿಲ್ಲ. ಪಾದ ನೊಂದರೂ ಗುರು ಬಸವೇಶ್ವರನ ಸನ್ನಿಧಿಯನ್ನು ಮುಟ್ಟಿಯೇ ತೀರುತ್ತಾರೆ. ವಚನದ ಓದಿಗೂ ಅದೇ ನಿಷ್ಠೆ ಸಲ್ಲುತ್ತದೆ.

ಮೊದಲ ಸಾಲನ್ನು ಪ್ರೀತಿಸುವುದು ತಪ್ಪಲ್ಲ. ಶರಣರು ಅದನ್ನು ಅಷ್ಟು ಸುಂದರವಾಗಿಸಿದುದೇ ಪ್ರೀತಿಸಲೆಂದು, ಪ್ರೀತಿಸಿ ಒಳಗೆ ಬರಲೆಂದು. ಮನೆಯೊಡೆಯನು ಬಾಗಿಲಿಗೆ ತೋರಣ ಕಟ್ಟುವುದು ಬಂದವರು ತೋರಣವನ್ನು ನೋಡಿ ಹಿಂದಿರುಗಲಿ ಎಂದಲ್ಲ. ಒಳಗೆ ಎಡೆ ಬಡಿಸಿದೆ. ಬೆಟ್ಟದ ಮೇಲಿನ ಮನೆಯಿಂದ ಮಾತು ತೆಗೆದ ಅಕ್ಕ, ಸ್ತುತಿನಿಂದೆಗಳ ನಡುವೆ ಕೋಪವಿಲ್ಲದೆ ಸಮಾಧಾನಿಯಾಗಿರುವ ಪಾಠವನ್ನು ಇರಿಸಿರುವುದು ಆ ವಚನದ ಕಟ್ಟಕಡೆಯಲ್ಲಿ. ಬಾಗಿಲಲ್ಲೇ ನಿಂತವರಿಗೆ ಮೃಗದ ಭಯವಷ್ಟೇ ದಕ್ಕೀತು. ಒಳಗೆ ಹೋದವರಿಗೆ ಸಮಾಧಾನವೂ ದಕ್ಕುತ್ತದೆ.